ಬಸಳೆ ಕೊಳ್ಳುವಾಗ ಮೊದಲು ದಂಟು ನೋಡಿ: ಗುರುತಿಸುವುದು, ಆರಿಸುವುದು, ಕೆಡದಂತೆ ಇಡುವುದು ಹೇಗೆ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳುವವರನ್ನು ಸ್ವಲ್ಪ ಹೊತ್ತು ಗಮನಿಸಿದರೆ, ಮೆಂತ್ಯ, ಪಾಲಕ್, ಸಬ್ಬಸಿಗೆಯ ಕಟ್ಟನ್ನು ಆರಿಸುವ ರೀತಿಯಲ್ಲೇ ಬಸಳೆಯನ್ನೂ ಆರಿಸುವವರು ಹೆಚ್ಚಾಗಿ ಕಾಣುತ್ತಾರೆ. ಎಲೆ ಹಸಿರಾಗಿದೆಯೇ, ಅಗಲವಾಗಿದೆಯೇ ಎಂದು ಮೇಲಿನಿಂದ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬಸಳೆಗೆ ಅಷ್ಟು ಸಾಲದು. ಮಲೆನಾಡಿನ ಅಡುಗೆಯಲ್ಲಿ ಬಸಳೆಯೆಂದರೆ ಎಲೆಯ ಜೊತೆಗೆ ದಂಟೂ ಹೌದು. ಹುಳಿಯಲ್ಲಿ ಬೆಂದ ದಂಟಿನ ಹೋಳು ನಾಲಿಗೆಯ ಮೇಲೆ ಮೆತ್ತಗೆ ಒಡೆಯಬೇಕೇ ಹೊರತು, ಜಗಿದು ತಟ್ಟೆಯ ಅಂಚಿಗೆ ತೆಗೆದಿಡುವ ನಾರಾಗಬಾರದು. ಅಲ್ಲದೆ ಬಾಡಿದ ಎಲೆಗೆ ನೀರು ಚಿಮುಕಿಸಿ ಗೆಲುವಾಗಿ ಕಾಣುವಂತೆ ಮಾಡಬಹುದು, ಆದರೆ ಕೊಯ್ದು ಎಷ್ಟು ದಿನವಾಯಿತು ಎಂಬುದನ್ನು ದಂಟಿನ ತುದಿ ಬಚ್ಚಿಡುವುದಿಲ್ಲ.

ಬಳ್ಳಿಯ ಗುರುತು

ಬಸಳೆ ಬಳ್ಳಿಯಾಗಿ ಹಬ್ಬುವ ಸೊಪ್ಪು. ಸಸ್ಯಶಾಸ್ತ್ರದಲ್ಲಿ ಇದನ್ನು ಬಸೆಲ್ಲಾ ಆಲ್ಬಾ ಎನ್ನುತ್ತಾರೆ. ಪಾಲಕ್ಕಿನಂತೆಯೇ ಬಳಸುತ್ತೇವಾದರೂ ಅದಕ್ಕೂ ಇದಕ್ಕೂ ಕುಲಸಂಬಂಧವಿಲ್ಲ; ಪಾಲಕ್ ತಂಪು ಹವೆಯನ್ನು ಬಯಸಿದರೆ ಬಸಳೆ ಬಿಸಿಲು ಮತ್ತು ನೀರು ಎರಡನ್ನೂ ಬಯಸುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಹರಿದುಹೋಗುವ ಕಡೆ ಅಥವಾ ಬಾವಿಕಟ್ಟೆಯ ಪಕ್ಕದಲ್ಲಿ ಬಸಳೆ ಚಪ್ಪರ ಇರುತ್ತಿದ್ದುದು ಇದೇ ಕಾರಣಕ್ಕೆ.

ಎಲೆ ದಪ್ಪವಾಗಿ, ಹೊಳಪಾಗಿ, ಹೃದಯದ ಆಕಾರದಲ್ಲಿ ಅಥವಾ ಸ್ವಲ್ಪ ದುಂಡಗೆ ಇರುತ್ತದೆ. ಒಂದು ಎಲೆಯನ್ನು ಮುರಿದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ ನೋಡಿದರೆ ತಿಳಿಯಾದ ಲೋಳೆ ಅಂಟುತ್ತದೆ. ದಂಟು ದುಂಡಗಿದ್ದು ರಸ ತುಂಬಿಕೊಂಡಿರುತ್ತದೆ. ದಂಟು ಹಸಿರಾಗಿರುವ ಬಸಳೆ ಮತ್ತು ಕೆನ್ನೇರಳೆ ಬಣ್ಣದ ಕೆಂಪು ಬಸಳೆ ಎಂಬ ಎರಡು ಬಗೆಗಳು ನಮ್ಮಲ್ಲಿ ಬಳಕೆಯಲ್ಲಿವೆ. ರುಚಿಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಕೆಂಪು ಬಸಳೆಯ ಬಣ್ಣ ಬೀಟ್‌ರೂಟಿನಲ್ಲಿರುವ ವರ್ಣದ್ರವ್ಯಗಳ ಗುಂಪಿಗೇ ಸೇರಿದ್ದು, ಬೇಯಿಸಿದಾಗ ಬಹುಪಾಲು ಮಾಸುತ್ತದೆ. ಎರಡರಲ್ಲೂ ಹಣ್ಣು ಮಾತ್ರ ಕಡುನೇರಳೆ. ಚಿಕ್ಕವರಿದ್ದಾಗ ನಾವು ಅದನ್ನು ಹಿಂಡಿ ಶಾಯಿ ಮಾಡುತ್ತಿದ್ದೆವು, ಅಂಗಿಗೆ ಬಿದ್ದ ಕಲೆ ಸುಲಭಕ್ಕೆ ಹೋಗುತ್ತಿರಲಿಲ್ಲ.

ಹೆಸರಿನಿಂದ ಮೋಸಹೋಗಬಾರದ ಎರಡು ಗಿಡಗಳಿವೆ. ನೆಲಬಸಳೆ ಬಳ್ಳಿಯಲ್ಲ, ನೆಟ್ಟಗೆ ಬೆಳೆದು ಗುಲಾಬಿ ಬಣ್ಣದ ಸಣ್ಣ ಹೂ ಬಿಡುವ ಅದನ್ನೂ ಸೊಪ್ಪಾಗಿ ತಿನ್ನುತ್ತಾರೆ, ಆದರೆ ಅದರಲ್ಲಿ ಬಸಳೆಯ ದಂಟಿನ ಸುಖವಿಲ್ಲ. ಕಾಡುಬಸಳೆ ಎಂದು ಕರೆಯುವ, ಎಲೆಯ ಅಂಚಿನಿಂದಲೇ ಸಸಿ ಹುಟ್ಟುವ ಗಿಡ ಬೇರೆಯೇ ಆದದ್ದು. ಅದು ಅಡುಗೆಯ ಸೊಪ್ಪಲ್ಲ, ಬಸಳೆಯ ಬದಲಿಗೆ ಅದನ್ನು ಹುಳಿಗೆ ಹಾಕಲೇಬಾರದು.

ಕೊಳ್ಳುವಾಗ

ಮೊದಲು ಕಾಲ ನೋಡಬೇಕು. ಹೊಸನಗರ, ತೀರ್ಥಹಳ್ಳಿ, ಆಗುಂಬೆಯ ಕಡೆ ಜೂನ್‌ನಿಂದ ಎಡೆಬಿಡದೆ ಮಳೆ ಹಿಡಿದಾಗ ಹಿತ್ತಲ ಬಳ್ಳಿಯ ಬುಡ ಕೊಳೆಯುವುದು, ಎಲೆಗೆ ಚುಕ್ಕೆ ಬರುವುದು ಹೆಚ್ಚು. ಮಳೆ ಹಿಂದೆಗೆದ ಮೇಲೆ ನೆಟ್ಟ ಬಳ್ಳಿ ಚಳಿ ಕಳೆದು ಬಿಸಿಲೇರಿದಂತೆ ಚಪ್ಪರ ತುಂಬುತ್ತದೆ. ಆದ್ದರಿಂದ ಬೇಸಿಗೆಯ ತಿಂಗಳುಗಳಲ್ಲಿ ಸಿಗುವ ಬಸಳೆಯೇ ನನ್ನ ಅನುಭವದಲ್ಲಿ ಒಳ್ಳೆಯದು. ಮಳೆಗಾಲದಲ್ಲಿ ಕೊಳ್ಳಬಾರದೆಂದಲ್ಲ, ಆಗ ಇನ್ನಷ್ಟು ಕಣ್ಣಿಟ್ಟು ನೋಡಬೇಕು ಎಂದಷ್ಟೇ.

ಎರಡನೆಯದಾಗಿ, ಕಟ್ಟನ್ನು ಕೈಗೆತ್ತಿಕೊಂಡು ದಂಟನ್ನು ಕೊಯ್ದ ತುದಿಯನ್ನು ನಿಮ್ಮ ಕಡೆಗೆ ತಿರುಗಿಸಿ. ಆ ದಿನವೇ ಕೊಯ್ದ ದಂಟಿನ ತುದಿ ಹಸಿಯಾಗಿ, ತಿಳಿಹಸಿರು ಅಥವಾ ಬಿಳಿಯಾಗಿ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟುವಂತಿರುತ್ತದೆ. ಹಿಂದಿನ ದಿನದ್ದಾದರೆ ಅಂಚು ಕಂದು ಬಣ್ಣಕ್ಕೆ ತಿರುಗಿ ಒಳಕ್ಕೆ ಸುಕ್ಕಾಗಿರುತ್ತದೆ. ತುದಿ ಕಪ್ಪಾಗಿ ಜಾರುವಂತಿದ್ದರೆ ಆ ಕಟ್ಟನ್ನು ಕೆಳಗಿಡಿ. ನಂತರ ತುದಿಯಿಂದ ಒಂದು ಗೇಣು ಮೇಲೆ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತಿ. ಉಗುರು ತಡೆಯಿಲ್ಲದೆ ಇಳಿದು ಹನಿ ನೀರು ಒಸರಿದರೆ ದಂಟು ಎಳೆಯದು. ಸಿಪ್ಪೆಯಲ್ಲೇ ನಿಂತು ಜಾರಿದರೆ ಒಳಗೆ ನಾರು ಕಟ್ಟಿದೆ ಎಂದು ತಿಳಿಯಬೇಕು. ಒಂದೇ ಒಂದು ದಂಟಿಗೆ, ಅದೂ ಮಾರುವವರನ್ನು ಕೇಳಿಕೊಂಡು ಹೀಗೆ ಮಾಡುವುದು ಮರ್ಯಾದೆ. “ಒಂದು ದಂಟು ಉಗುರಿಟ್ಟು ನೋಡ್ಲಾ ಅಮ್ಮಾ?” ಎಂದರೆ ಇಲ್ಲವೆನ್ನುವವರು ಕಡಿಮೆ.

ಇಲ್ಲಿ ಬಹಳ ಜನ ತಪ್ಪುವುದು ದಪ್ಪದ ವಿಷಯದಲ್ಲಿ. ದಂಟು ದಪ್ಪವಾಗಿದ್ದರೆ ಬಲಿತಿದೆಯೆಂದು ಬಿಟ್ಟು, ಕಡ್ಡಿಯಂಥ ಸಪೂರ ದಂಟಿನ ಕಟ್ಟನ್ನು ಆರಿಸುತ್ತಾರೆ. ಗೊಬ್ಬರ ಮತ್ತು ನೀರು ಕಂಡ ಬಳ್ಳಿಯ ದಂಟು ಬೆರಳು ಗಾತ್ರವಿದ್ದರೂ ಎಳೆಯದಾಗಿರುತ್ತದೆ. ನೀರಿಲ್ಲದೆ ಸೊರಗಿದ ಬಳ್ಳಿಯ ದಂಟು ಸಪೂರವಾಗಿದ್ದರೂ ನಾರಾಗಿರುತ್ತದೆ. ದಂಟಿನ ತುಂಬ ಹೂಗೊಂಚಲು ಮತ್ತು ಕಾಯಿ ಕಂಡರೆ ಬಳ್ಳಿ ಬಲಿಯುತ್ತಿದೆ ಎಂದರ್ಥ. ಕುಡಿಯಲ್ಲಿ ಒಂದೆರಡು ಮೊಗ್ಗು ಇದ್ದರೆ ಚಿಂತೆಯಿಲ್ಲ.

ದಂಟು ಒಪ್ಪಿತವಾದ ಮೇಲೆ ಎಲೆಗೆ ಬನ್ನಿ. ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದ ಜಾಗವನ್ನು ಸರಿಸಿ ಒಳಗೆ ನೋಡಬೇಕು, ಏಕೆಂದರೆ ಗಾಳಿಯಾಡದ ಆ ನಡುಭಾಗದಲ್ಲೇ ಕೊಳೆ ಮೊದಲು ಶುರುವಾಗುತ್ತದೆ. ಮೂಗಿಗೆ ಹಿಡಿದಾಗ ಹುಳಿವಾಸನೆ ಬಂದರೆ ಒಳಗಿನ ಎಲೆ ಕೆಟ್ಟಿದೆ. ಕೆಂಪಂಚಿನ ದುಂಡು ಚುಕ್ಕೆಗಳು ಎಲೆಚುಕ್ಕೆ ರೋಗದ ಗುರುತು. ಒಂದೆರಡು ಎಲೆಗಳಲ್ಲಿದ್ದರೆ ಆ ಎಲೆಗಳನ್ನು ಕಿತ್ತು ಉಳಿದದ್ದನ್ನು ಬಳಸಬಹುದು, ಎಲ್ಲ ಎಲೆಗಳಲ್ಲೂ ಇದ್ದರೆ ಬೇಡ. ಮಳೆಗಾಲವಾದರೆ ಎಲೆಯನ್ನು ಮಗುಚಿ ಅಡಿಯಲ್ಲಿ ಬಸವನಹುಳು ಇದೆಯೇ ಎಂದೂ ನೋಡಬೇಕು.

ಮನೆಗೆ ತಂದ ಮೇಲೆ

ಒಮ್ಮೆ ತೀರ್ಥಹಳ್ಳಿಯಿಂದ ಬರುವಾಗ ಎರಡು ಒಳ್ಳೆಯ ಕಟ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ತಂದು, ದಣಿದಿದ್ದರಿಂದ ಹಾಗೆಯೇ ಫ್ರಿಜ್ಜಿನ ಮೇಲಿನ ಅರೆಯ ಹಿಂಬದಿಗೆ ತಳ್ಳಿ ನಾಲ್ಕು ದಿನ ಮರೆತುಬಿಟ್ಟೆ. ತೆಗೆದಾಗ ಎಲೆಗಳ ಮೇಲೆ ನೀರು ಕಟ್ಟಿದಂಥ ಕಪ್ಪು ಮಚ್ಚೆಗಳು ಬಿದ್ದಿದ್ದವು, ಕವರಿನ ತಳದಲ್ಲಿ ಲೋಳೆ ನಿಂತಿತ್ತು. ಯಾರೋ ಬೆಳಗಿನ ಜಾವ ಎದ್ದು ಕೊಯ್ದು ಕಟ್ಟಿದ ಸೊಪ್ಪನ್ನು ತಿಪ್ಪೆಗೆ ಹಾಕುವಾಗ ನಿಜಕ್ಕೂ ಬೇಸರವಾಯಿತು. ಬಸಳೆ ಬಿಸಿ ಸೀಮೆಯ ಬಳ್ಳಿಯಾದ್ದರಿಂದ ಅತಿಯಾದ ತಂಪು ಅದಕ್ಕೆ ಪೆಟ್ಟು, ಗಾಳಿಯಾಡದ ತೇವ ಇನ್ನೊಂದು ಪೆಟ್ಟು.

ಅಂದು ಅಥವಾ ಮರುದಿನ ಅಡುಗೆ ಮಾಡುವುದಾದರೆ ಫ್ರಿಜ್ಜೇ ಬೇಡ. ಕಟ್ಟು ಬಿಚ್ಚಿ, ಕೆಟ್ಟ ಎಲೆಗಳನ್ನು ತೆಗೆದು, ದಂಟಿನ ತುದಿಯನ್ನು ಬೆರಳಗಲ ಹೊಸದಾಗಿ ಕತ್ತರಿಸಿ, ಎರಡು ಬೆರಳು ನೀರಿರುವ ತಂಬಿಗೆಯಲ್ಲಿ ಹೂವಿನ ಹಾಗೆ ನಿಲ್ಲಿಸಿ ಅಡುಗೆಮನೆಯ ತಣ್ಣನೆಯ ಮೂಲೆಯಲ್ಲಿಡಿ. ನೀರಿನೊಳಗೆ ಎಲೆ ಮುಳುಗಬಾರದು, ದಿನಕ್ಕೊಮ್ಮೆ ನೀರು ಬದಲಿಸಬೇಕು.

ಅದಕ್ಕಿಂತ ಹೆಚ್ಚು ದಿನ ಇಡಬೇಕಾದರೆ ಎಲೆ ಮತ್ತು ದಂಟನ್ನು ಬೇರ್ಪಡಿಸುವುದು ಮುಖ್ಯ, ಏಕೆಂದರೆ ಎಲೆ ಬೇಗ ಕೆಡುತ್ತದೆ, ದಂಟು ತಾಳುತ್ತದೆ, ಒಟ್ಟಿಗಿಟ್ಟರೆ ಕೆಟ್ಟ ಎಲೆ ದಂಟನ್ನೂ ಕೆಡಿಸುತ್ತದೆ. ತೊಳೆಯದೆ, ಮೇಲಿನ ತೇವ ಆರುವಷ್ಟು ಹೊತ್ತು ಬಟ್ಟೆಯ ಮೇಲೆ ಹರಡಿ, ನಂತರ ಒಣ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬದಲ್ಲಿಡಿ. ಸೊಪ್ಪು ಸುತ್ತಲು ಸುದ್ದಿಪತ್ರಿಕೆಯ ಹಾಳೆಯನ್ನು ಬಳಸಬೇಡಿ. ಅಚ್ಚಿನ ಶಾಯಿ ಆಹಾರಕ್ಕೆ ತಾಗಬಾರದು. ಎಲೆಯನ್ನು ಎರಡು ಮೂರು ದಿನದೊಳಗೆ ತಂಬುಳಿಗೋ ದೋಸೆಗೋ ಬಳಸಿ ಮುಗಿಸಿ, ದಂಟನ್ನು ಅದರ ನಂತರ ಒಂದೆರಡು ದಿನದಲ್ಲಿ ಬೇಳೆಯ ಜೊತೆಗೋ ಹಲಸಿನ ಬೀಜದ ಜೊತೆಗೋ ಹುಳಿ ಮಾಡಬಹುದು. ಬೇಯಿಸಿ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡುವ ಕ್ರಮವೂ ಇದೆ, ಆದರೆ ಗಾಳಿಮಳೆಗೆ ಕರೆಂಟ್ ಹೋದರೆ ಒಂದೆರಡು ದಿನ ಬಾರದ ನಮ್ಮ ಹಳ್ಳಿಗಳಿಗೆ ಅದನ್ನು ನಾನು ಹೇಳಲಾರೆ.

ತೊಳೆಯುವುದು ಹೆಚ್ಚುವ ಮೊದಲು, ಅಡುಗೆಗೆ ಸ್ವಲ್ಪ ಮುಂಚೆ. ದೊಡ್ಡ ಪಾತ್ರೆಯ ನೀರಿನಲ್ಲಿ ಇಡೀ ಎಲೆಗಳನ್ನು ಅದ್ದಿ, ಕೈಯಿಂದ ಮೇಲಕ್ಕೆತ್ತಿ ತೆಗೆಯಬೇಕು. ಪಾತ್ರೆಯನ್ನೇ ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಎಲೆಗೆ ಹತ್ತುತ್ತದೆ. ಹೆಚ್ಚಿದ ಮೇಲೆ ತೊಳೆದರೆ ಲೋಳೆಯ ಜೊತೆಗೆ ನೀರಿನಲ್ಲಿ ಕರಗುವ ಸಿ ಜೀವಸತ್ವವೂ ಹೋಗುತ್ತದೆ. ಲೋಳೆ ಹಿಡಿಸದವರು ಎಲೆಯನ್ನು ದೊಡ್ಡದಾಗಿ ಹೆಚ್ಚಿ, ಹುಣಸೆಹುಳಿ ಸೇರಿಸಿದರೆ ಅದು ಬಹಳ ಮಟ್ಟಿಗೆ ಅಡಗುತ್ತದೆ. ಬಸಳೆಯಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯುಳ್ಳವರು ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿಕೊಳ್ಳಬೇಕು.

ಕಟ್ಟಿನಲ್ಲಿ ಉಗುರಿಗೆ ಜಗ್ಗದ ಒಂದೆರಡು ಬುಡದ ದಂಟು ಉಳಿದೇ ಉಳಿಯುತ್ತವೆ. ಅವನ್ನು ಎಸೆಯದೆ, ನಾಲ್ಕು ಗಿಣ್ಣುಗಳಿರುವಂತೆ ಗೇಣುದ್ದ ಕತ್ತರಿಸಿ, ಎಲೆ ತೆಗೆದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಡಿ. ಕುಂಡದಲ್ಲಾದರೆ ತಳದಲ್ಲಿ ನೀರು ನಿಲ್ಲದಂತೆ ತೂತಿರಲಿ. ಒಂದು ವಾರ ನೆರಳಿನಲ್ಲಿಟ್ಟು, ಗಿಣ್ಣಿನಲ್ಲಿ ಚಿಗುರು ಕಂಡ ಮೇಲೆ ಬಿಸಿಲಿಗೆ ಸರಿಸಿ, ಹಬ್ಬಲು ಒಂದು ಕೋಲು ಊರಿ ಕೊಡಿ.