ಲೂಪರ್ ಬಳಸುವವರಿಗೆ ಕಾಲಿನ ಅಭ್ಯಾಸ

ನುಡಿಸಿದ ಒಂದು ತುಣುಕನ್ನು ರೆಕಾರ್ಡ್ ಮಾಡಿಕೊಂಡು ಅದನ್ನೇ ಸುತ್ತಿ ಸುತ್ತಿ ಕೇಳಿಸುವುದು ಮತ್ತು ಅದರ ಮೇಲೆ ಹೊಸ ಪದರಗಳನ್ನು ಸೇರಿಸಲು ಬಿಡುವುದು ಲೂಪರ್ ಎಂಬ ಸಾಧನದ ಕೆಲಸ. ಹೀಗೆ ಸುತ್ತುವ ತುಣುಕೇ ಲೂಪ್. ವೇದಿಕೆಯ ಮೇಲೆ ಇಡೀ ಹಾಡಿನ ಲಯ ರೆಕಾರ್ಡಿಂಗ್ ಆರಂಭಿಸುವಾಗ ಮತ್ತು ಲೂಪ್ ಮುಚ್ಚುವಾಗ ಕಾಲು ಒತ್ತುವ ಆ ಎರಡು ಕ್ಷಣಗಳನ್ನು ಅವಲಂಬಿಸಿರುತ್ತದೆ. ಮುಚ್ಚುವಾಗ ಕಾಲು ಕೂದಲೆಳೆಯಷ್ಟು ತಡವಾದರೂ ಆ ಎಡವು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕೇಳಿಸುತ್ತದೆ.

ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ, ನಾಲ್ಕು ಎಣಿಕೆಯ ನಾಲ್ಕು ಬಾರ್‌ಗಳೆಂದರೆ (ಬಾರ್ ಎಂದರೆ ಎಣಿಕೆಯ ಒಂದು ಆವರ್ತ) 16 ಬೀಟ್‌ಗಳು, ಅಂದರೆ ಸರಿಯಾಗಿ 8 ಸೆಕೆಂಡುಗಳು. ಹೊಸಬರು ಹದಿನಾರನೇ ಬೀಟ್ ಬಂದ ಕೂಡಲೇ ಒತ್ತಿಬಿಡುತ್ತಾರೆ. ಆಗ ಲೂಪ್ ಒಂದು ಬೀಟ್ ಗಿಡ್ಡವಾಗುತ್ತದೆ. ಒತ್ತಬೇಕಾದದ್ದು ಮುಂದಿನ ಸುತ್ತಿನ ‘ಒಂದು’ ಬೀಳುವ ಜಾಗದಲ್ಲಿ. ಹಿಮ್ಮಡಿಯನ್ನು ನೆಲಕ್ಕೂರಿ, ಹದಿನಾರನೇ ಬೀಟ್‌ಗೆ ಮುಂಗಾಲನ್ನು ಸ್ವಿಚ್‌ನ ಮೇಲೆ ತೇಲಿಸಿಟ್ಟುಕೊಂಡು, ‘ಒಂದು’ ಎನ್ನುವಾಗ ಇಳಿಸಿ. ವಾದ್ಯವನ್ನು ಬದಿಗಿಟ್ಟು, ಬೀಟ್‌ಗಳನ್ನು ಟಕ್ ಟಕ್ ಎಂದು ಎಣಿಸುವ ಮೆಟ್ರೊನೋಮ್ ಹಾಕಿಕೊಂಡು, ಕಾಲಿನಿಂದ ಮಾತ್ರ ಇದನ್ನು ಹಲವು ದಿನ ಅಭ್ಯಾಸ ಮಾಡುವುದು ನನ್ನ ಮಟ್ಟಿಗೆ ಯಾವ ದುಬಾರಿ ಸಾಧನಕ್ಕಿಂತಲೂ ಹೆಚ್ಚು ಫಲ ಕೊಟ್ಟಿದೆ. ಅಭ್ಯಾಸದ ಸಮಯದಲ್ಲೂ ವೇದಿಕೆಗೆ ಹಾಕುವ ಪಾದರಕ್ಷೆಯನ್ನೇ ಹಾಕಿಕೊಳ್ಳಿ.

ಲೂಪ್ ಮುಚ್ಚಿದ ಕ್ಷಣದಲ್ಲೇ ಕೈಯನ್ನು ನಿಲ್ಲಿಸಬೇಡಿ. ಕೊನೆಯ ಸ್ವರದ ಅನುರಣನ ಅಲ್ಲಿ ಥಟ್ಟನೆ ಕತ್ತರಿಸಿದಂತಾದರೆ ಲೂಪ್‌ನ ಕೊನೆಯೂ ಆರಂಭವೂ ಸೇರುವ ಬೆಸುಗೆ ಎದ್ದು ಕೇಳಿಸುತ್ತದೆ. ಅನೇಕ ಲೂಪರ್‌ಗಳಲ್ಲಿ ರೆಕಾರ್ಡ್ ಆದ ಬಳಿಕ ನೇರವಾಗಿ ಓವರ್‌ಡಬ್‌ಗೆ, ಅಂದರೆ ಮೇಲೆ ಹೊಸ ಪದರ ಸೇರಿಸುವ ಸ್ಥಿತಿಗೆ, ಹೋಗುವ ಆಯ್ಕೆ ಇರುತ್ತದೆ. ಅದನ್ನಿಟ್ಟುಕೊಂಡರೆ ಆ ಅನುರಣನ ಲೂಪ್‌ನ ಆರಂಭದ ಮೇಲೆ ಬಂದು ಕೂರುತ್ತದೆ, ಬೆಸುಗೆ ಮುಚ್ಚಿಹೋಗುತ್ತದೆ.

ಇನ್ನು ಫುಟ್ ಕಂಟ್ರೋಲರ್, ಅಂದರೆ ಲೂಪರನ್ನು ಕಾಲಿನಿಂದಲೇ ನಡೆಸಲು ಇರುವ ಸ್ವಿಚ್‌ಗಳ ಹಲಗೆ. 1983ರಲ್ಲಿ ಬಂದ ಮಿಡಿ ಎಂಬ ವ್ಯವಸ್ಥೆಯ ಮೂಲಕ ಇದು ಲೂಪರ್‌ಗೆ ಆಜ್ಞೆಗಳನ್ನು ಕಳಿಸುತ್ತದೆ. ಕಂಟ್ರೋಲರ್‌ನ ಮಿಡಿ ಔಟ್‌ನಿಂದ ಲೂಪರ್‌ನ ಮಿಡಿ ಇನ್‌ಗೆ ಕೇಬಲ್ ಹಾಕಿ, 16 ಚಾನೆಲ್‌ಗಳಲ್ಲಿ ಎರಡರಲ್ಲೂ ಒಂದನ್ನೇ ಆರಿಸಿ, ಪ್ರತಿ ಸ್ವಿಚ್‌ಗೂ ಒಂದು ಕಂಟ್ರೋಲ್ ಚೇಂಜ್ ಸಂಖ್ಯೆಯನ್ನು (ಯಾವ ಆಜ್ಞೆ ಎಂದು ಲೂಪರ್‌ಗೆ ತಿಳಿಸುವ ಮಿಡಿ ಸಂಖ್ಯೆ) ನಿಗದಿಪಡಿಸಿ. ಯುಎಸ್‌ಬಿ ಕಿಂಡಿ ಮಾತ್ರ ಇರುವ ಎರಡು ಸಾಧನಗಳನ್ನು ನೇರವಾಗಿ ಜೋಡಿಸಿದರೆ ಸಾಮಾನ್ಯವಾಗಿ ಅವು ಮಾತಾಡಿಕೊಳ್ಳುವುದಿಲ್ಲ. ನಡುವೆ ಹೋಸ್ಟ್ ಆಗಬಲ್ಲ, ಅಂದರೆ ಕಂಪ್ಯೂಟರ್‌ನಂತೆ ಸಂಪರ್ಕವನ್ನು ನಡೆಸಬಲ್ಲ, ಒಂದು ಸಾಧನ ಬೇಕಾಗುತ್ತದೆ. ಒಂದು ಸಲ ಬಿಟ್ಟು ಒಂದು ಸಲ ಮಾತ್ರ ಸ್ವಿಚ್ ಕೆಲಸ ಮಾಡುತ್ತಿದೆ ಎಂದಾದರೆ ಅದನ್ನು ಟಾಗಲ್‌ನಿಂದ ಮೊಮೆಂಟರಿಗೆ ಬದಲಿಸಿ ನೋಡಿ: ಟಾಗಲ್‌ನಲ್ಲಿ ಮೊದಲ ಒತ್ತು 127 ಎಂಬ ಬೆಲೆಯನ್ನೂ ಮುಂದಿನದು 0 ಎಂಬ ಬೆಲೆಯನ್ನೂ ಕಳಿಸುತ್ತದೆ, ಲೂಪರ್ 0ಯನ್ನು ಆಜ್ಞೆಯೆಂದು ಪರಿಗಣಿಸದೇ ಹೋಗಬಹುದು; ಮೊಮೆಂಟರಿಯಲ್ಲಿ ಪ್ರತಿ ಒತ್ತೂ 127ನ್ನೇ ಕಳಿಸುತ್ತದೆ. ರೆಕಾರ್ಡ್ ಸ್ವಿಚ್‌ಗೆ ‘ಒತ್ತಿ ಹಿಡಿಯುವ’ ಎರಡನೇ ಕೆಲಸವನ್ನು ಕೊಡದಿರುವುದು ಒಳ್ಳೆಯದು, ಏಕೆಂದರೆ ಕೆಲವು ಕಂಟ್ರೋಲರ್‌ಗಳು ನಿಮ್ಮ ಉದ್ದೇಶ ಯಾವುದೆಂದು ತಿಳಿಯಲು ಕಾಲು ಎತ್ತುವವರೆಗೂ ಕಾಯುತ್ತವೆ, ಆ ವಿಳಂಬ ಲಯವನ್ನು ಕೆಡಿಸುತ್ತದೆ.

ರೆಕಾರ್ಡ್ ಸ್ವಿಚ್ ಕಾಲಿಗೆ ಅತಿ ಸಲೀಸಾದ ಜಾಗದಲ್ಲಿರಲಿ, ಕೊನೆಯ ಪದರವನ್ನು ಹಿಂತೆಗೆಯುವ ಅನ್‌ಡು ಅದರ ಪಕ್ಕದಲ್ಲಿರಲಿ, ಎಲ್ಲವನ್ನೂ ಅಳಿಸುವ ಕ್ಲಿಯರ್ ಮಾತ್ರ ದೂರದ ಮೂಲೆಯಲ್ಲಿರಲಿ. ಒಮ್ಮೆ ನನ್ನ ಶೂವಿನ ಅಂಚು ಪಕ್ಕದಲ್ಲಿದ್ದ ಕ್ಲಿಯರ್‌ಗೆ ತಾಗಿ, ಮೂರು ಪದರಗಳ ಹಾಡು ನಡುವೆಯೇ ಮೌನವಾಯಿತು.

ಗಿಟಾರ್‌ಗೆ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಬಳಸುವವರು ಲೂಪರನ್ನು ಅದರ ನಂತರ ಇಡಬೇಕು. ಆಗ ಒಂದೊಂದು ಪದರವೂ ತನ್ನದೇ ನಾದವನ್ನು ಉಳಿಸಿಕೊಳ್ಳುತ್ತದೆ. ಮೈಕ್ ಮೂಲಕ ಹಾಡುವವರಿಗೆ ಬೇರೊಂದು ತೊಂದರೆಯಿದೆ: ಮಾನಿಟರ್‌ನಿಂದ (ಕಲಾವಿದರಿಗೇ ಕೇಳಿಸಲು ವೇದಿಕೆಯ ಮೇಲಿಡುವ ಸ್ಪೀಕರ್) ಬರುವ ಲೂಪ್‌ನ ಸದ್ದು ಮೈಕ್‌ಗೆ ಸೇರಿ, ಪ್ರತಿ ಓವರ್‌ಡಬ್‌ನಲ್ಲೂ ಮತ್ತೆ ರೆಕಾರ್ಡ್ ಆಗಿ, ಕೊನೆಗೆ ಎಲ್ಲವೂ ಮಸುಕಾಗುತ್ತದೆ. ಹಿಂದಿನ ಸದ್ದನ್ನು ಕಡಿಮೆ ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ನ ಹಿಂಬದಿಗೆ ಮಾನಿಟರ್ ಬರುವಂತೆ ಇಟ್ಟರೆ, ಇಲ್ಲವೇ ಇಯರ್‌ಫೋನ್‌ನಲ್ಲಿ ಕೇಳಿಕೊಂಡರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಜೊತೆಗೆ ಡ್ರಮ್ಸ್ ಇದ್ದರೆ, ಅದನ್ನು ನುಡಿಸುವವರಿಗೆ ಲೂಪ್ ಸ್ಪಷ್ಟವಾಗಿ ಕೇಳಿಸಲೇಬೇಕು, ಏಕೆಂದರೆ ಲೂಪ್ ಯಾರಿಗೂ ಕಾಯುವುದಿಲ್ಲ.

ಹಾಡಿನ ಮುಕ್ತಾಯವನ್ನೂ ಮೊದಲೇ ನಿರ್ಧರಿಸಿಕೊಂಡಿರಿ. ಸ್ಟಾಪ್ ಒತ್ತು ಕೂಡ ‘ಒಂದು’ ಬೀಳುವಲ್ಲೇ ಬೀಳಬೇಕು, ಅದೇ ಕ್ಷಣಕ್ಕೆ ಕೈ ಕೊನೆಯ ಸ್ವರವನ್ನು ನುಡಿಸಬೇಕು. ಆ ಸ್ವರ ಪೂರ್ತಿ ಆರಿದ ಮೇಲೆ, ಮುಂದಿನ ಹಾಡಿಗೆ ಮೊದಲು, ಕ್ಲಿಯರ್ ಒತ್ತಿ.