ತುಳಸಿ ಮೇಲೆ ಜೇನು ಹಿಡಿಯೋ ಅಸಾಸಿನ್ ಬಗ್: ಏನ್ ಮಾಡ್ಬೇಕು?

ಪುಣೆಲಿ ಬಾಲ್ಕನಿ ಗಾರ್ಡನ್ ಮಾಡೋ ನಮ್ಮೋರಿಗೆ ಒಂದ್ ಮಾತು, ತುಳಸಿ ತೆನೆ ಮೇಲೋ ಚೆಂಡು ಹೂವಿನ ಮೇಲೋ ಕೆಂಪು-ಕಪ್ಪು ಹುಳ ಅಲ್ಲಾಡ್ದೆ ಕೂತಿದ್ರೆ ತಕ್ಷಣ ಸ್ಪ್ರೇ ಎತ್ಕೋಬೇಡಿ. ಮೊದ್ಲು ಮೂತಿ ನೋಡಿ, ಫೋನ್ ಕ್ಯಾಮೆರಾ ಝೂಮ್ ಸಾಕು. ತಲೆ ಉದ್ದಕ್ಕೆ ಸಣ್ಣಗಿದ್ದು ಕೆಳಗೆ ಗಿಡ್ಡ ದಪ್ಪ ಕೊಕ್ಕು ಬಾಗಿದ್ರೆ ಅಸಾಸಿನ್ ಬಗ್. ಬೆಂಡೆ ಗಿಡದಲ್ಲಿ ಗುಂಪುಗುಂಪಾಗಿ ಇರೋ ಕೆಂಪು ಹತ್ತಿ ತಿಗಣೆ ಬೇರೆ, ಅದು ಗಿಡದ ರಸ ಹೀರೋದು.

ಅಸಾಸಿನ್ ಬಗ್ ಆದ್ರೆ, ಜೇನು ಬಂದು ಕೂತ್ಕೊಂಡ ತಕ್ಷಣ ಮುಂಗಾಲಲ್ಲಿ ಅವುಚಿ ಕೊಕ್ಕು ಚುಚ್ಚಿ ಜೊಲ್ಲು ಬಿಡುತ್ತೆ, ಜೇನು ಅಲ್ಲೇ ಸುಸ್ತು, ಒಳಗಿದ್ದಿದ್ದೆಲ್ಲ ಕರಗಿ ನೀರಾಗುತ್ತೆ, ಆಮೇಲೆ ಸ್ಟ್ರಾ ಹಾಕಿ ಎಳನೀರು ಕುಡಿದಂಗೆ ಹೀರಿ ಖಾಲಿ ಸಿಪ್ಪೆ ಬಿಸಾಕುತ್ತೆ. ನೋಡಕ್ಕೆ ಬೇಜಾರೇ. ಆದ್ರೆ ಎಲೆ ತಿನ್ನೋ, ಕಾಯಿ ಕೊರೆಯೋ ಹುಳಾನೂ ಇದೇ ತಿನ್ನೋದು ಕಣ್ರೀ, ಸಾಯ್ಸಿದ್ರೆ ನಮಗೇ ಲಾಸು.

ಬರಿಗೈಲಂತೂ ಮುಟ್ಟಬೇಡಿ, ಚುಚ್ಚಿದ್ರೆ ಸಿಕ್ಕಾಪಟ್ಟೆ ಉರಿ. ಚುಚ್ಚಿಬಿಟ್ರೆ ಸೋಪಲ್ಲಿ ತೊಳ್ದು ಐಸ್ ಇಡಿ. ಮೇಲಿಂದ ಡಬ್ಬಿ ಮುಚ್ಚಿ, ಕೆಳಗೆ ದಪ್ಪ ಕಾಗದ ಜಾರಿಸಿ, ಹೂ ಬಿಡದೆ ಇರೋ, ಹುಳ ಬಿದ್ದಿರೋ ಗಿಡಕ್ಕೆ ಬಿಟ್ಟುಬಿಡಿ. ಸೊಸೈಟಿ ಮಾಲಿ ಔಷಧಿ ಹೊಡೀತೀನಿ ಅಂದ್ರೆ ಮರಾಠಿಲಿ 'ನಕೋ ದಾದಾ' (ಬೇಡ ಅಣ್ಣಾ) ಅನ್ನಿ, ಆ ಔಷಧಿ ಜೇನನ್ನೂ ಬಿಡಲ್ಲ.