ಹಳದಿ ಕಾರ್ಡಿನ ಹಿಂದಿರುವ ಲೆಕ್ಕ: ಪೀತಜ್ವರದ ಲಸಿಕೆ ಹಾಕುವ ವೈದ್ಯೆಯ ಅನುಭವ

ಪ್ರಯಾಣಿಕರಿಗೆ ಪೀತಜ್ವರದ ಲಸಿಕೆ ಹಾಕುವ ಕೇಂದ್ರದಲ್ಲಿ ಸೇವೆಗೆ ಸೇರಿದ ಹೊಸತರಲ್ಲಿ, ಚುಚ್ಚುಮದ್ದು ಕೊಟ್ಟು, ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡಿಗೆ ಸಹಿ ಹಾಕುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಬರುವವರಲ್ಲಿ ಹೆಚ್ಚಿನವರೂ ಇದನ್ನು ವೀಸಾ, ಟಿಕೆಟ್‌ಗಳ ಸಾಲಿಗೆ ಸೇರುವ ಇನ್ನೊಂದು ಕಾಗದವೆಂದೇ ಭಾವಿಸಿರುತ್ತಾರೆ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಕಾರ್ಡು ಮಾನ್ಯವಾಗುತ್ತದೆ. ನಾಲ್ಕು ದಿನದಲ್ಲಿ ಹೊರಡಬೇಕಿದ್ದ ಒಬ್ಬರು ಕಾರ್ಡಿನಲ್ಲಿ ಹಿಂದಿನ ದಿನಾಂಕ ಬರೆದುಕೊಡುವಂತೆ ಕೇಳಿದರು. ನಾನು ಒಪ್ಪಲಿಲ್ಲ. ಆದರೆ ‘ಹತ್ತೇ ದಿನ ಏಕೆ ಕಾಯಬೇಕು?’ ಎಂದು ಅವರು ಕೇಳಿದಾಗ, ‘ನಿಯಮ ಹಾಗಿದೆ’ ಎನ್ನುವುದಕ್ಕಿಂತ ಹೆಚ್ಚೇನೂ ನನಗೆ ಹೇಳಲು ತೋಚಲಿಲ್ಲ. ಆ ಕಾರ್ಡಿನ ಒಂದೊಂದು ಸಂಖ್ಯೆಯ ಹಿಂದೆಯೂ ದೇಹದೊಳಗೆ ನಡೆಯುವ ಒಂದು ಕ್ರಿಯೆ ಇದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅಲ್ಲಿಂದ ಪ್ರಯಾಣಿಕರೊಡನೆ ನಾನು ಮಾತನಾಡುವ ರೀತಿಯೇ ಬದಲಾಯಿತು.

ಪೀತಜ್ವರ ಆಫ್ರಿಕಾ ಹಾಗೂ ದಕ್ಷಿಣ ಮತ್ತು ಮಧ್ಯ ಅಮೆರಿಕದ ಉಷ್ಣವಲಯದಲ್ಲಿ ನೆಲೆಯೂರಿರುವ ವೈರಾಣು ರೋಗ. ಕಾಡಿನಲ್ಲಿ ಮಂಗಗಳ ನಡುವೆ, ಪಟ್ಟಣಗಳಲ್ಲಿ ಮನುಷ್ಯರ ನಡುವೆ ಇದನ್ನು ಹರಡುವುದು ಸೊಳ್ಳೆಗಳು. ಸೋಂಕಿತ ಸೊಳ್ಳೆ ಕಚ್ಚಿದ 3ರಿಂದ 6 ದಿನಗಳಲ್ಲಿ ಜ್ವರ, ತಲೆನೋವು, ಬೆನ್ನುನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ಅಷ್ಟಕ್ಕೇ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಜ್ವರ ಬಿಟ್ಟಂತೆ ಮಾಡಿ ಒಂದು ದಿನದೊಳಗೆ ಮರಳುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳು ಸೋಲುತ್ತವೆ, ಕಣ್ಣು ಹಳದಿಯಾಗುತ್ತದೆ, ರಕ್ತಸ್ರಾವ ಆರಂಭವಾಗುತ್ತದೆ. ಈ ಹಂತಕ್ಕೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ 7ರಿಂದ 10 ದಿನಗಳಲ್ಲಿ ಸಾಯುತ್ತಾರೆ. ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲದಿರುವುದರಿಂದ ಲಸಿಕೆಯ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುತ್ತೇನೆ.

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯೇ ಪಟ್ಟಣಗಳಲ್ಲಿ ಪೀತಜ್ವರವನ್ನೂ ಹರಡುತ್ತದೆ. ಆ ಸೊಳ್ಳೆ ಧಾರಾಳವಾಗಿದ್ದೂ ಈ ವೈರಾಣು ಇನ್ನೂ ಕಾಲಿಡದ ದೇಶಗಳು ಬಹಳ. ಅಂಥ ದೇಶಕ್ಕೆ ಒಬ್ಬ ಸೋಂಕಿತ ಪ್ರಯಾಣಿಕ ಬಂದಿಳಿದರೂ ಅಪಾಯವಿರುವುದರಿಂದ, ಪ್ರಮಾಣಪತ್ರವಿಲ್ಲದೆ ಬಂದವರನ್ನು ಗರಿಷ್ಠ 6 ದಿನ ಪ್ರತ್ಯೇಕವಾಗಿ ಇರಿಸಿಕೊಳ್ಳಬಹುದು. ಸೊಳ್ಳೆ ಕಚ್ಚಿದ ಮೇಲೆ ರೋಗ ಹೊರಬೀಳಲು ಹಿಡಿಯುವ ಅವಧಿಯೇ ಆ ಆರು ದಿನ. ಕಾರ್ಡು ಹೋಗುವಾಗ ಮಾತ್ರವಲ್ಲ, ಹಿಂದಿರುಗುವಾಗಲೂ ಬೇಕು. ರೋಗವಿರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದಿದ್ದರೂ ಅದನ್ನು ಕೇಳುವ ದೇಶಗಳಿವೆ. ಹಾಗಾಗಿ ತಲುಪುವ ಊರಿನ ಹೆಸರಿನ ಜೊತೆಗೆ ನಡುವೆ ಇಳಿಯುವ ನಿಲ್ದಾಣಗಳನ್ನೂ ನಾನು ಬರೆಸಿಕೊಳ್ಳುತ್ತೇನೆ.

ಹತ್ತು ದಿನದ ಲೆಕ್ಕವೂ ಸರಳ. ಚುಚ್ಚಿಸಿಕೊಂಡ ದಿನ ದೇಹಕ್ಕೆ ಯಾವ ರಕ್ಷಣೆಯೂ ಸಿಕ್ಕಿರುವುದಿಲ್ಲ. 10 ದಿನಗಳ ಹೊತ್ತಿಗೆ ಬಹುಪಾಲು ಜನರಲ್ಲಿ ವೈರಾಣುವನ್ನು ಎದುರಿಸುವ ಪ್ರತಿಕಾಯಗಳು ಮೂಡಿರುತ್ತವೆ. ದಿನಾಂಕ ತಿದ್ದಿದರೆ ಅಧಿಕಾರಿಯನ್ನು ದಾಟಬಹುದು, ಸೊಳ್ಳೆಯನ್ನು ದಾಟಲಾಗದು. 2016ರ ಜುಲೈ 11ರವರೆಗೆ ಪ್ರಮಾಣಪತ್ರಕ್ಕೆ 10 ವರ್ಷದ ಅವಧಿಯಿತ್ತು. ಈಗ ಒಂದೇ ಡೋಸ್ ಜೀವನಪೂರ್ತಿ ಮಾನ್ಯ. ಹಳೆಯ ಕಾರ್ಡುಗಳಿಗೂ ಇದು ಅನ್ವಯಿಸುತ್ತದೆ.

ಈ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಸಜೀವ ವೈರಾಣು. 1927ರಲ್ಲಿ ಈಗಿನ ಘಾನಾದ ಆಸಿಬಿ ಎಂಬ ರೋಗಿಯ ರಕ್ತದಿಂದ ಪಡೆದ ವೈರಾಣುವನ್ನು ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು 17ಡಿ ಎಂಬ ಸೌಮ್ಯ ತಳಿಯನ್ನು ರೂಪಿಸಿದರು. ಇದಕ್ಕಾಗಿ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು. ಆರೋಗ್ಯವಂತರ ದೇಹ ಈ ತಳಿಯನ್ನು ಸುಲಭವಾಗಿ ಹತ್ತಿಕ್ಕುತ್ತದೆ. ರೋಗನಿರೋಧಕ ಶಕ್ತಿ ಕುಂದಿರುವವರಲ್ಲಿ, ಬಹಳ ಅಪರೂಪಕ್ಕೆ, ಈ ತಳಿಯೇ ಅಂಗಾಂಗಗಳಿಗೆ ಅಥವಾ ನರಮಂಡಲಕ್ಕೆ ಹಾನಿ ಮಾಡಬಲ್ಲದು.

ಇದನ್ನು ನಾನು ಮರೆಯದಂತೆ ಕಲಿಸಿದ್ದು ಒಬ್ಬ ನಡುವಯಸ್ಸಿನ ಪ್ರಯಾಣಿಕರು. ‘ಈಗ ಯಾವುದಾದರೂ ಕಾಯಿಲೆ ಇದೆಯೇ?’ ಎಂಬ ನಮ್ಮ ಅರ್ಜಿಯ ಪ್ರಶ್ನೆಗೆ ಅವರು ‘ಇಲ್ಲ’ ಎಂದು ಬರೆದಿದ್ದರು. ಸಿರಿಂಜ್ ನನ್ನ ಕೈಯಲ್ಲಿತ್ತು. ಅಂಗಿಯ ಗುಂಡಿ ಬಿಚ್ಚಿ ತೋಳು ಸಡಿಲಿಸುವಾಗ ಅವರ ಎದೆಯ ನಡುವೆ ಉದ್ದನೆಯ ಹಳೆಯ ಹೊಲಿಗೆಯ ಗುರುತು ಕಂಡಿತು. ಕೇಳಿದರೆ, ಸ್ನಾಯುದೌರ್ಬಲ್ಯದ ಕಾಯಿಲೆಗೆಂದು ಬಹಳ ಹಿಂದೆ, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ, ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ತೆಗೆದಿದ್ದರಂತೆ. ಥೈಮಸ್ ತೊಂದರೆಯಿದ್ದವರಿಗೆ ಈ ಲಸಿಕೆ ನಿಷಿದ್ಧ. ಸಿರಿಂಜನ್ನು ಕೆಳಗಿಟ್ಟೆ. ಅವರು ತಮ್ಮ ಮಟ್ಟಿಗೆ ಸತ್ಯವನ್ನೇ ಬರೆದಿದ್ದರು. ತಪ್ಪಿದ್ದದ್ದು ನಮ್ಮ ಪ್ರಶ್ನೆಯಲ್ಲಿ. ಅಂದೇ ಅರ್ಜಿಯನ್ನು ಬದಲಿಸಿದೆ. ಹಿಂದೆ ಆದ ಶಸ್ತ್ರಚಿಕಿತ್ಸೆ, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧ, ಎಚ್‌ಐವಿ, ಅಂಗಕಸಿ ಎಂದು ಒಂದೊಂದನ್ನೂ ಹೆಸರು ಹೇಳಿ, ಬಾಗಿಲು ಮುಚ್ಚಿ, ಕೇಳುತ್ತೇನೆ. ಕೋಳಿಯ ಭ್ರೂಣದಲ್ಲಿ ಬೆಳೆಸುವ ಲಸಿಕೆಯಾದ್ದರಿಂದ ಮೊಟ್ಟೆಯ ತೀವ್ರ ಅಲರ್ಜಿಯನ್ನೂ ವಿಚಾರಿಸುತ್ತೇನೆ. ಆರು ತಿಂಗಳೊಳಗಿನ ಶಿಶುಗಳಿಗೆ ಕೊಡುವಂತೆಯೇ ಇಲ್ಲ. ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೊದಲ ಬಾರಿಗೆ ಪಡೆಯುವ 60 ದಾಟಿದವರ ವಿಷಯದಲ್ಲಿ ರೋಗದ ಅಪಾಯವನ್ನೂ ಲಸಿಕೆಯ ಅಪಾಯವನ್ನೂ ಅವರೊಡನೆ ಕುಳಿತು ತೂಗಿ ನೋಡಬೇಕಾಗುತ್ತದೆ.

ಆ ಪ್ರಯಾಣಿಕರಿಗೆ ಲಸಿಕೆಯ ಬದಲು, ವೈದ್ಯಕೀಯ ಕಾರಣದಿಂದ ಕೊಡಲಾಗದು ಎಂಬ ವಿನಾಯಿತಿ ಪತ್ರ ಬರೆದುಕೊಟ್ಟೆ. ಆ ಪತ್ರವನ್ನು ಎಲ್ಲ ದೇಶಗಳೂ ಒಪ್ಪಲೇಬೇಕೆಂದಿಲ್ಲ, ರಾಯಭಾರ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಎಂದೆ. ಪತ್ರ ಸೊಳ್ಳೆಯನ್ನು ತಡೆಯುವುದಿಲ್ಲ, ಈಡಿಸ್ ಹಗಲಿನಲ್ಲೇ ಕಚ್ಚುತ್ತದೆ ಎಂದೂ ವಿವರಿಸಿದೆ. ಅವರು ಪ್ರಯಾಣವನ್ನೇ ಕೈಬಿಟ್ಟರು.

ಉಳಿದದ್ದು ಕಾರ್ಡು. ಅದರಲ್ಲಿ ತಿಂಗಳನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆಯುತ್ತೇನೆ. ಬ್ಯಾಚ್ ಸಂಖ್ಯೆಯನ್ನು ಶೀಶೆ ನೋಡಿಯೇ ನಕಲಿಸುತ್ತೇನೆ. ಒಂದು ಖಾನೆ ಖಾಲಿ ಉಳಿದರೂ, ಒಂದಕ್ಷರ ಅಳಿಸಿ ತಿದ್ದಿದರೂ ಕಾರ್ಡು ಅಸಿಂಧುವಾಗಬಹುದಾದ್ದರಿಂದ, ತಪ್ಪಾದರೆ ಹೊಸ ಕಾರ್ಡನ್ನೇ ತೆಗೆದುಕೊಳ್ಳುತ್ತೇನೆ. ಮುದ್ರೆಯೊಂದೇ ಸಾಲದು, ಕೈಬರಹದ ಸಹಿಯೂ ಇರಬೇಕು. ಮುಂದಿನ ಕೆಲವು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು ಎಂದು ತಿಳಿಸಿ, ಜ್ವರ ಏರಿದರೆ, ಕಣ್ಣು ಹಳದಿಯಾದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆಯ ದಿನಾಂಕ ಹೇಳಬೇಕೆಂದು ಬರೆದ ಚೀಟಿಯನ್ನು ಕಾರ್ಡಿನೊಳಗೆ ಮಡಚಿಟ್ಟು ಕಳುಹಿಸುತ್ತೇನೆ.